ಜೋಜಿಲಾ ಹತ್ತಿದ ಟ್ಯಾಂಕು, ದಹಿಸರಿನ ಧೂಳು

ಹೊಚ್ಚ ಹೊಸ ಮಾದರಿಯೊಂದನ್ನು ದುಡ್ಡು ಕೊಟ್ಟು ತಂದು, ವಾರಗಟ್ಟಲೆ ಕೂತು ಅಂಟಿಸಿ, ನೀಟಾಗಿ ಬಣ್ಣ ಹೊಡೆದು, ಕೊನೆಗೆ ಆ ಬಣ್ಣದ ಮೇಲೆ ಕೈಯಾರೆ ಕೊಳೆ ಮೆತ್ತುವ ಹವ್ಯಾಸವೊಂದಿದೆ. ವೆದರಿಂಗ್ ಅಂತಾರೆ ಅದಕ್ಕೆ. ಬಿಸಿಲು, ಮಳೆ, ಧೂಳಿಗೆ ಮೈಯೊಡ್ಡಿ ಹಳತಾದ ಹಾಗೆ ಕಾಣಿಸುವುದು ಅಂತ ಅರ್ಥ. ನಮ್ಮ ಮನೆಯಲ್ಲಿ ಇದಕ್ಕಿರುವ ಹೆಸರು ಬೇರೆ. "ರೀ, ನಿಮ್ಮ ಕೊಳೆ ಕೆಲಸ ಮುಗಿದಿದ್ರೆ ಟೇಬಲ್ ಖಾಲಿ ಮಾಡಿ, ಊಟಕ್ಕೆ ಬಡಿಸ್ಬೇಕು" ಅಂತ ಅಡುಗೆಮನೆಯಿಂದ ಕೂಗು ಬರುತ್ತದೆ.

ಪುತ್ತೂರಿನ ಕಡೆಯಿಂದ ಬಂದು ಈ ದಹಿಸರಿನಲ್ಲಿ ಬೇರು ಬಿಟ್ಟು ನಲವತ್ತು ವರ್ಷ ದಾಟಿತು. ನೌಕರಿ, ಲೋಕಲ್ ಟ್ರೈನು, ಮಕ್ಕಳ ಓದು ಎಲ್ಲ ಮುಗಿದ ಮೇಲೆ ಅಂಟಿಕೊಂಡ ಹುಚ್ಚು ಇದು. ನಾನಿನ್ನೂ ಕಲಿಯುತ್ತಿರುವವನು, ಆದ್ದರಿಂದ ಹೇಗೆ ಅಂಟಿಸಬೇಕು, ಯಾವ ಬ್ರಶ್ ಕೊಳ್ಳಬೇಕು ಅಂತ ನಿಮಗೆ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಇಲ್ಲಿ ಹೇಳಹೊರಟಿರುವುದು 1948ರ ಒಂದು ಟ್ಯಾಂಕಿನ ಕಥೆ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಜೋಜಿಲಾ ಕಣಿವೆಗೆ ಹತ್ತಿಸಿದ ಟ್ಯಾಂಕು. ಆ ಯುದ್ಧದ ಬಗ್ಗೆ ಪುಸ್ತಕಗಳಲ್ಲಿ ಓದಿದ್ದೆ. ಆದರೆ ಅದಕ್ಕೆ ಎಲ್ಲೆಲ್ಲಿ ಕೆಸರು ಬಳಿಯಬೇಕು ಅಂತ ಯೋಚಿಸಲು ಕೂತಾಗ ಎದುರಾದ ಪ್ರಶ್ನೆಗಳು ಓದುವಾಗ ಎದುರಾಗಿರಲಿಲ್ಲ.

ಮೊದಲು ಅಳತೆಯ ವಿಷಯ ಮುಗಿಸಿಬಿಡುತ್ತೇನೆ. ಟ್ಯಾಂಕು ಮಾದರಿಗಳು ಹೆಚ್ಚಾಗಿ ನಿಜದ 35ರಲ್ಲಿ 1 ಪಾಲು ಇರುತ್ತವೆ. 30 ಅಲ್ಲ, 40 ಅಲ್ಲ, ಇದೇನು 35? ಇದರ ಹಿಂದೆ ಯಾವ ಗಣಿತವೂ ಇಲ್ಲ! ಜಪಾನಿನ ಶಿಝುವೊಕಾ ಊರಿನಲ್ಲಿ 1946ರಲ್ಲಿ ಮರದ ಮಿಲ್ಲಾಗಿ ಶುರುವಾದ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿ ತಂದಿತು. ಅದು ಮೋಟಾರಿನಿಂದ ಓಡುವ ಆಟಿಕೆ. ಹೊಟ್ಟೆಯೊಳಗೆ ಎರಡು ದಪ್ಪ ಬ್ಯಾಟರಿ ಹಿಡಿಸುವಷ್ಟು ದೊಡ್ಡದು ಮಾಡಿದರು. ಅದು ಚೆನ್ನಾಗಿ ಮಾರಾಟವಾದ ಮೇಲೆ ಮುಂದಿನ ಟ್ಯಾಂಕುಗಳನ್ನೂ ಅದೇ ಅಳತೆಗೆ ಮಾಡೋಣ ಅಂತ ಅಳೆದು ನೋಡಿದರೆ ಅದು ಸುಮಾರು 35ರಲ್ಲಿ 1 ಪಾಲು ಬಂತು. ಎರಡು ಬ್ಯಾಟರಿ ಸೆಲ್ಲುಗಳು ಇಡೀ ಜಗತ್ತಿನ ಹವ್ಯಾಸಿಗಳ ಅಳತೆಗೋಲನ್ನು ನಿಗದಿ ಮಾಡಿಬಿಟ್ಟವು.

ಈ ಅಳತೆಯಲ್ಲಿ ಐದೂವರೆ ಅಡಿಯ ಮನುಷ್ಯ 5 ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ. ನನ್ನ ಟ್ಯಾಂಕು ಸುಮಾರು 14 ಸೆಂಟಿಮೀಟರ್ ಉದ್ದ. ಜೋಜಿಲಾ ಇರುವುದು ಸಮುದ್ರಮಟ್ಟದಿಂದ 11,575 ಅಡಿ, ಅಂದರೆ ಸುಮಾರು 3,528 ಮೀಟರ್ ಎತ್ತರದಲ್ಲಿ. ಅದನ್ನೂ ಇದೇ ಅಳತೆಗೆ ಇಳಿಸಿದರೆ 100 ಮೀಟರ್ ಆಗುತ್ತದೆ. ಮುಂಬಯಿಯಲ್ಲಿ ಏಳುತ್ತಿರುವ ಮೂವತ್ತು ಮಹಡಿಯ ಟವರ್ ಇದೆಯಲ್ಲ, ಅದರ ತುದಿಗೆ ಅಂಗೈಯಗಲದ ಟ್ಯಾಂಕೊಂದು ಹತ್ತುವುದನ್ನು ಊಹಿಸಿಕೊಳ್ಳಿ. ಮೆಟ್ಟಿಲಿಲ್ಲ, ಲಿಫ್ಟಿಲ್ಲ, ಮೇಲಿನಿಂದ ಗುಂಡು ಬೇರೆ.

ಯಾಕೆ ಹತ್ತಬೇಕಾಯಿತು ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1948ರ ಬೇಸಿಗೆಯಲ್ಲಿ ಕಾರ್ಗಿಲ್ ಹೋಯಿತು, ದ್ರಾಸ್ ಹೋಯಿತು, ಜೋಜಿಲಾ ಕಣಿವೆಯೂ ಆಕ್ರಮಣಕಾರರ ಕೈ ಸೇರಿತು. ಶ್ರೀನಗರದಿಂದ ಲಡಾಖಿಗೆ ನೆಲದ ದಾರಿ ಇದ್ದದ್ದೇ ಅದು. ಅತ್ತ ಸ್ಕಾರ್ದು ಕೋಟೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಶೇರ್ ಜಂಗ್ ಥಾಪಾ ಅವರ ತುಕಡಿ ಆರು ತಿಂಗಳು ಮುತ್ತಿಗೆಯಲ್ಲಿ ನರಳಿ, ಆಹಾರ ಮದ್ದುಗುಂಡು ಎರಡೂ ಮುಗಿದು, ಆಗಸ್ಟ್ 14ರಂದು ಶರಣಾಯಿತು. ಶರಣಾದ ಸೈನಿಕರಲ್ಲಿ ಹೆಚ್ಚಿನವರನ್ನು ಕೊಂದರು. ಮುಂದಿನ ಸರದಿ ಲೇಹ್ ಊರಿನದು ಅಂತ ಎಲ್ಲರಿಗೂ ಗೊತ್ತಿತ್ತು. ಮೇ 24ರಂದೇ ಏರ್ ಕಮಡೋರ್ ಮೆಹರ್ ಸಿಂಗ್ ಅವರು ಡಕೋಟಾ ವಿಮಾನವೊಂದನ್ನು ಲೇಹ್‌ನ ಮರಳಿನ ಪಟ್ಟಿಯ ಮೇಲೆ ಇಳಿಸಿದ್ದರು. ಹಾಗೆ ಇಳಿಯಬಹುದೋ ಇಲ್ಲವೋ ಅಂತ ಯಾರಿಗೂ ಗ್ಯಾರಂಟಿ ಇರದ ಆ ವಿಮಾನದಲ್ಲಿ ಪ್ರಯಾಣಿಕರಾಗಿ ಕೂತಿದ್ದವರು ಮೇಜರ್ ಜನರಲ್ ತಿಮ್ಮಯ್ಯ. ಆದರೆ ವಿಮಾನದಲ್ಲಿ ಸಾಗಿಸುವುದಕ್ಕೂ ಮಿತಿ ಇದೆಯಲ್ಲ? ಚಳಿಗಾಲ ಬರುವುದರೊಳಗೆ ಜೋಜಿಲಾ ತೆರೆಯಲೇಬೇಕಿತ್ತು.

ಸೆಪ್ಟೆಂಬರಿನಲ್ಲಿ 77ನೇ ಪ್ಯಾರಾಶೂಟ್ ಬ್ರಿಗೇಡ್ ಮಾಡಿದ ಪ್ರಯತ್ನಗಳು ವಿಫಲವಾದವು. ಬಂಡೆಯ ಸಂದುಗಳಲ್ಲಿ, ಗುಹೆಗಳಂಥ ಬಂಕರುಗಳಲ್ಲಿ ಮೆಷಿನ್‌ಗನ್ ಇಟ್ಟು ಕೂತವರನ್ನು ಕೆಳಗಿನಿಂದ ನಡೆದುಹೋಗಿ ಎಬ್ಬಿಸುವುದು ಆಗದ ಮಾತು. ಆ ಯೋಜನೆಯ ಹೆಸರು 'ಆಪರೇಷನ್ ಡಕ್', ಬಾತುಕೋಳಿ! ಆಮೇಲೆ ಅದನ್ನು 'ಆಪರೇಷನ್ ಬೈಸನ್' ಅಂತ ಬದಲಿಸಿದರು, ಕಾಡುಕೋಣ ಅಂತ. ಹೆಸರು ಬದಲಿಸಿದವರು ಆಗ ಪಶ್ಚಿಮ ವಿಭಾಗದ ಮುಖ್ಯಸ್ಥರಾಗಿದ್ದ ಕಾರ್ಯಪ್ಪನವರು. ಕಾಡುಕೋಣವನ್ನು ಬಾಲ್ಯದಿಂದ ಬಲ್ಲ ಕೊಡಗಿನವರಲ್ಲದೆ ಇನ್ಯಾರಿಗೆ ಹೊಳೆದೀತು ಅಂತ ನನ್ನದೊಂದು ತಮಾಷೆಯ ಊಹೆ, ಅಷ್ಟೆ. ಅಂತೂ ಮೇಲೆ ಒಬ್ಬ ಕೊಡವ, ಮುಂಚೂಣಿಯಲ್ಲಿ ಇನ್ನೊಬ್ಬ ಕೊಡವ. ಬಂಕರುಗಳ ಬಾಯಿಗೆ ನೇರವಾಗಿ ಗುಂಡು ಹಾಕಬೇಕಾದರೆ ಫಿರಂಗಿ ಹತ್ತಿರ ಹೋಗಬೇಕು, ಹತ್ತಿರ ಹೋಗಬೇಕಾದರೆ ಅದು ಉಕ್ಕಿನ ಗೋಡೆಯ ಒಳಗಿರಬೇಕು. ಅಂದರೆ ಟ್ಯಾಂಕು. ಅಷ್ಟು ಎತ್ತರದಲ್ಲಿ ಅದುವರೆಗೆ ಜಗತ್ತಿನ ಯಾವ ಸೈನ್ಯವೂ ಟ್ಯಾಂಕುಗಳಿಂದ ಯುದ್ಧ ಮಾಡಿರಲಿಲ್ಲ.

ಇದ್ದದ್ದು 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು. ರೆಜಿಮೆಂಟಿನ ಮುಖ್ಯಸ್ಥರು ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್, ಗುಬ್ಬಿ ಅನ್ನುವ ಅರ್ಥದ 'ಸ್ಪ್ಯಾರೋ' ಅವರ ಅಡ್ಡಹೆಸರು. 18ನೇ ಶತಮಾನದಲ್ಲಿ ಮದ್ರಾಸಿನ ಕುದುರೆ ಪಡೆಯಾಗಿ ಹುಟ್ಟಿದ ರೆಜಿಮೆಂಟು ಇದು. ಎರಡನೇ ಮಹಾಯುದ್ಧದಲ್ಲಿ ಇಂಫಾಲದಲ್ಲಿ ಕಾದಾಡಿತ್ತು. ಯುದ್ಧ ಮುಗಿದ ಮೇಲೆ ಸೋತ ಜಪಾನಿನಲ್ಲಿ ಬೀಡುಬಿಟ್ಟ ಪಡೆಗಳ ಜೊತೆ ಅಲ್ಲಿಗೂ ಹೋಗಿತ್ತು. ಅದೇ ಹೊತ್ತಿಗೆ ಜಪಾನಿನಲ್ಲಿ ಭಾರತದ 268ನೇ ಬ್ರಿಗೇಡ್ ನಡೆಸುತ್ತಿದ್ದವರು ಇದೇ ತಿಮ್ಮಯ್ಯನವರು. ಇಸವಿ 1946. ಶಿಝುವೊಕಾದಲ್ಲಿ ತಮಿಯಾ ಅವರು ಮರದ ಮಿಲ್ಲು ಹಾಕಿದ ವರ್ಷ! ಬರೀ ಕಾಕತಾಳೀಯ, ಅದರಿಂದ ಏನೂ ಸಾಧಿಸಬೇಕಾಗಿಲ್ಲ. ಆದರೂ ಬರೆಯದೆ ಇರಲಾಗಲಿಲ್ಲ.

ಸರಿ, ಮಾದರಿಗೆ ಬರೋಣ. 'ಜೋಜಿಲಾ ಟ್ಯಾಂಕು' ಅಂತ ಯಾರೂ ಡಬ್ಬಿ ಮಾಡಿ ಮಾರುವುದಿಲ್ಲ. ಅಂಗಡಿಯ ಕಪಾಟು ನೋಡಿದರೆ ಎರಡನೇ ಮಹಾಯುದ್ಧ ಗೆದ್ದದ್ದು ಜರ್ಮನಿಯೇ ಇರಬೇಕು ಅನಿಸುತ್ತದೆ, ಅಷ್ಟೊಂದು ಟೈಗರ್, ಪ್ಯಾಂಥರ್ ಇರುತ್ತವೆ. ನನಗೆ ಸಿಕ್ಕಿದ್ದು ತೈವಾನಿನ ಎಎಫ್‌ವಿ ಕ್ಲಬ್ ಕಂಪನಿಯ ಅಮೆರಿಕನ್ ಎಂ5ಎ1 ಸ್ಟುವರ್ಟ್. ಬೆಂಗಳೂರಿನಲ್ಲಿರುವ ಅಕ್ಕನ ಮಗ ತರಿಸಿಕೊಟ್ಟ. "ಮಾವ, ಇದರಲ್ಲಿ ಅಮೆರಿಕದ ನಕ್ಷತ್ರ ಇದೆ, ನೀವು ಅಳಿಸಿಕೊಳ್ಳಿ" ಅಂದ. ಅಂಟಿಸಿದರೆ ತಾನೇ ಅಳಿಸುವುದು! ನಕ್ಷತ್ರದ ಸ್ಟಿಕ್ಕರ್ ಹಾಳೆ ಡಬ್ಬಿಯಲ್ಲೇ ಇದೆ.

ಭಾಗಗಳನ್ನು ಕತ್ತರಿಸಿ, ಉಜ್ಜಿ, ಜೋಡಿಸುತ್ತಾ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಅದರ ಹಿಂಭಾಗ. ಬೆನ್ನು ಎತ್ತಿಕೊಂಡ ಹಾಗಿದೆ, ಮುಂಭಾಗಕ್ಕಿಂತ ಹಿಂಭಾಗ ಎತ್ತರ. ಯಾಕೆಂದರೆ ಅಲ್ಲಿ ಒಂದಲ್ಲ, ಎರಡು ಇಂಜಿನ್ನುಗಳಿವೆ, ಅವುಗಳ ರೇಡಿಯೇಟರುಗಳಿಗೆ ಜಾಗ ಬೇಕು. ಆ ಇಂಜಿನ್ನುಗಳೋ, ಕ್ಯಾಡಿಲಾಕ್ ಕಾರಿನವು! ಯುದ್ಧದ ಸಮಯದಲ್ಲಿ ಅಮೆರಿಕದಲ್ಲಿ ವಿಮಾನದ ಮಾದರಿಯ ಇಂಜಿನ್ನುಗಳಿಗೆ ವಿಪರೀತ ಬೇಡಿಕೆ ಇತ್ತು, ಹಾಗಾಗಿ ಕ್ಯಾಡಿಲಾಕ್ ಕಂಪನಿ ತನ್ನ ಎರಡು ಕಾರು ಇಂಜಿನ್ನುಗಳನ್ನು ಜೋಡಿಸಿ, ಅದೇ ಕಾರಿನ ಆಟೋಮ್ಯಾಟಿಕ್ ಗೇರನ್ನೂ ಹಾಕಿಕೊಟ್ಟಿತು. ಡೆಟ್ರಾಯಿಟ್ ಶ್ರೀಮಂತರ ಕಾರಿನ ಇಂಜಿನ್ನು ಹಿಮಾಲಯದ ಕಣಿವೆಯಲ್ಲಿ ಗುಟುರು ಹಾಕಿದ್ದು ಹೀಗೆ. ಜೋಜಿಲಾ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡಕ್ಕಿಂತ ಸ್ವಲ್ಪ ಕಡಿಮೆ. ಮನುಷ್ಯನಿಗೆ ಏದುಸಿರು ಬರುವಂತೆ ಪೆಟ್ರೋಲ್ ಇಂಜಿನ್ನಿಗೂ ಬರುತ್ತದೆ, ಅದರ ಶಕ್ತಿಯೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಕುಗ್ಗುತ್ತದೆ. ಟ್ಯಾಂಕಿನ ತೂಕ ಮಾತ್ರ ಕುಗ್ಗುವುದಿಲ್ಲ, ಸುಮಾರು 15 ಟನ್.

ಎರಡನೆಯದು ಗೋಪುರ. ಟ್ಯಾಂಕಿನ ಮೇಲೆ ತಿರುಗುವ, ಫಿರಂಗಿ ಇರುವ ಭಾಗ. ಮಾದರಿಯಲ್ಲಿ ಅದನ್ನು ಅಂಟಿಸುವುದಿಲ್ಲ, ಸುಮ್ಮನೆ ಇಟ್ಟು ತಿರುಗಿಸಿದರೆ ಕೂರುತ್ತದೆ. ಬೇಕೆಂದಾಗ ಎತ್ತಬಹುದು. 1948ರಲ್ಲಿ ಮಾಡಿದ್ದೂ ಅದನ್ನೇ. ಟ್ಯಾಂಕುಗಳು ಇದ್ದದ್ದು ಜಮ್ಮುವಿನ ಹತ್ತಿರ ಅಖ್ನೂರಿನಲ್ಲಿ. ಅಲ್ಲಿಂದ ಬನಿಹಾಲ್ ದಾಟಿ, ಶ್ರೀನಗರ ಹಾದು, ಸೋನಾಮಾರ್ಗ್ ಮುಂದಿನ ಬಾಲ್ಟಾಲ್ ತನಕ 400 ಕಿಲೋಮೀಟರಿಗೂ ಹೆಚ್ಚು ದಾರಿ. ಕಾಶ್ಮೀರ ಕಣಿವೆಗೆ ಟ್ಯಾಂಕು ಬಂದಿದೆ ಅನ್ನುವ ಸುದ್ದಿ ಹೊರಬಿದ್ದರೆ ಕಥೆ ಮುಗಿಯಿತು. ಆದ್ದರಿಂದ ಗೋಪುರಗಳನ್ನು ಬಿಚ್ಚಿ, ಲಾರಿಗಳ ಮೇಲೆ ಹೊದಿಕೆ ಹೊದಿಸಿ ಬೇರೆಯಾಗಿ ಸಾಗಿಸಿದರು. ಗೋಪುರವಿಲ್ಲದ ಟ್ಯಾಂಕು ದೂರದಿಂದ ಸಾಮಾನು ಸಾಗಿಸುವ ಗಾಡಿಯ ಹಾಗೆ ಕಾಣುತ್ತದೆ. ಶ್ರೀನಗರ ಹಾದುಹೋಗುವಾಗ ಕರ್ಫ್ಯೂ ಹಾಕಿದರು. ದಾರಿಯ ಸೇತುವೆಗಳು ಇಂಥ ಭಾರಕ್ಕೆ ಕಟ್ಟಿದವಲ್ಲ. ಹಲವು ಕಡೆ ಉಕ್ಕಿನ ಹಗ್ಗ ಕಟ್ಟಿ ರಾಟೆಯಿಂದ ಎಳೆದು ದಾಟಿಸಬೇಕಾಯಿತು. ಗೋಪುರ ಬಿಚ್ಚಿದ್ದರಿಂದ ಗುಟ್ಟೂ ಉಳಿಯಿತು, ತೂಕವೂ ಇಳಿಯಿತು.

ಇಲ್ಲಿಂದ ನನ್ನ ಕೊಳೆ ಕೆಲಸ ಶುರು. ಕಂದು ಮಿಶ್ರಿತ ಹಸಿರು, ಅಮೆರಿಕದ ಕಾರ್ಖಾನೆಯಿಂದ ಸ್ಟುವರ್ಟ್‌ಗಳು ಹೊರಬರುತ್ತಿದ್ದ ಆಲಿವ್ ಬಣ್ಣ, ತಳಕ್ಕೆ ಹೊಡೆದೆ. ಇಂಟರ್ನೆಟ್ಟಿನಲ್ಲಿ ಕಲಿಸುವವರ ಪ್ರಕಾರ ಇನ್ನು ಮುಂದೆ ಸ್ಪಂಜಿನಿಂದ ಅಲ್ಲಲ್ಲಿ ಬಣ್ಣ ಕಿತ್ತುಹೋದ ಗುರುತು, ಅದರ ಕೆಳಗೆ ತುಕ್ಕಿನ ಗೆರೆ, ಆಮೇಲೆ ಎಣ್ಣೆಬಣ್ಣವನ್ನು ಟರ್ಪಂಟೈನಿನಲ್ಲಿ ತೆಳ್ಳಗೆ ಕರಗಿಸಿ ಸಂದುಗಳಿಗೆ ಹರಿಸುವುದು, ಕೊನೆಗೆ ಮಣ್ಣಿನ ಬಣ್ಣದ ಪುಡಿ. ಈ ಕಲೆಯನ್ನು ಬೆಳೆಸಿದವರಲ್ಲಿ ಬೆಲ್ಜಿಯಮಿನ ಫ್ರಾಂಸ್ವಾ ವರ್ಲಿಂಡನ್, ಅಮೆರಿಕದ ಶೆಪರ್ಡ್ ಪೇನ್ ದೊಡ್ಡ ಹೆಸರುಗಳು. ಅವರ ಕೆಲಸದ ಫೋಟೊ ನೋಡಿದರೆ ಪ್ಲಾಸ್ಟಿಕ್ ಅಂತ ನಂಬಲಾಗುವುದಿಲ್ಲ. ಈಗಿನವರದ್ದು ಇನ್ನೂ ಜೋರು. ಆದರೆ ಎಷ್ಟೋ ಮಾದರಿಗಳು ಸಮುದ್ರದ ತಳದಿಂದ ಎತ್ತಿದ ಹಾಗಿರುತ್ತವೆ. ತುಕ್ಕು ಅಂದರೆ ಅಷ್ಟು ಆಸೆ ಅವರಿಗೆ.

ನನಗೆ ಕೊಳೆ ಓದುವುದನ್ನು ಕಲಿಸಿದ್ದು ದಹಿಸರ್ ಚೆಕ್‌ನಾಕಾ. ಮುಂಬಯಿಯವರಿಗೆ ನೆನಪಿರಬೇಕು, 2017ರ ಜುಲೈನಲ್ಲಿ ಜಿಎಸ್‌ಟಿ ಬರುವ ತನಕ ಅಲ್ಲಿ ಜಕಾತ್ ಕಟ್ಟಲು ಲಾರಿಗಳ ಸಾಲು ಮೈಲಿಗಟ್ಟಲೆ ನಿಲ್ಲುತ್ತಿತ್ತು. ಬಸ್ಸಿನಲ್ಲಿ ಕೂತು ಆ ಸಾಲು ನೋಡುವುದೇ ಕೆಲಸ. ನಂಬರ್ ಪ್ಲೇಟು ನೋಡದೆಯೇ ಯಾವ ಕಡೆಯಿಂದ ಬಂದದ್ದು ಅಂತ ಹೇಳಬಹುದಿತ್ತು. ಅಮೃತಶಿಲೆ ಹೊತ್ತ ರಾಜಸ್ಥಾನದ ಲಾರಿಯ ಹಲಗೆಯ ಸಂದುಗಳಲ್ಲಿ ಬಿಳಿ ಹಿಟ್ಟು ಕೂತಿರುತ್ತಿತ್ತು. ಮರಳಿನ ಲಾರಿಯ ಹಿಂಭಾಗದಿಂದ ನೀರು ತೊಟ್ಟಿಕ್ಕಿ ಗೆರೆ ಬಿದ್ದಿರುತ್ತಿತ್ತು. ಮಳೆಗಾಲದಲ್ಲಿ ಘಾಟಿ ಇಳಿದು ಬಂದದ್ದಕ್ಕೆ ಕೆಂಪು ಕೆಸರು ಬಾಗಿಲ ತನಕ ಸಿಡಿದಿರುತ್ತಿತ್ತು. ಮತ್ತೊಂದು ಗಮನಿಸಿದ್ದು, ಕೊಳೆ ಪದರ ಪದರವಾಗಿ ಕೂರುತ್ತದೆ. ಮೊದಲು ಹಾದುಬಂದ ಊರಿನದು ಅಡಿಯಲ್ಲಿ, ಕೊನೆಯ ಊರಿನದು ಮೇಲೆ. ಲಾರಿಯ ಮೈಯೇ ಅದರ ಪ್ರಯಾಣದ ಡೈರಿ.

2005ರ ಜುಲೈ 26ರ ಮಹಾಮಳೆಯಲ್ಲಿ ದಹಿಸರ್ ನದಿ ಉಕ್ಕಿದಾಗಲೂ ಹಾಗೇ. ನೀರು ಇಳಿದ ಮೇಲೆ ನದಿ ಪಕ್ಕದ ಗೋಡೆಗಳ ಮೇಲೆ ಉಳಿದದ್ದು ಒಂದೇ ಗೆರೆಯಲ್ಲ, ನೀರು ಎಲ್ಲೆಲ್ಲಿ ಸ್ವಲ್ಪ ಹೊತ್ತು ನಿಂತಿತ್ತೋ ಅಲ್ಲೆಲ್ಲ ಒಂದೊಂದು ಗೆರೆ. ನಮ್ಮ ಕಿಟಕಿಯ ಕಬ್ಬಿಣದ ಗ್ರಿಲ್ಲು ಇನ್ನೊಂದು ಪಾಠ. ಖಾಡಿಯ ಉಪ್ಪುಗಾಳಿಗೆ ನಾಲ್ಕು ವರ್ಷದಲ್ಲಿ ತುಕ್ಕು ಹಿಡಿದು, ಬೋಲ್ಟಿನಿಂದ ಕೆಳಕ್ಕೆ ಕಂದು ಕಣ್ಣೀರು ಸುರಿಸುತ್ತದೆ. ನಾಲ್ಕು ವರ್ಷ ಬೇಕಾಯಿತು, ನಾಲ್ಕು ವಾರವಲ್ಲ.

ಈ ಕಣ್ಣಿನಿಂದ ನೋಡಿದರೆ 1948ರ ಅಕ್ಟೋಬರಿನ ಸ್ಟುವರ್ಟ್ ಮೇಲೆ ಏನಿರಬೇಕು? ತುಕ್ಕಿನ ಜಲಪಾತ ಅಂತೂ ಖಂಡಿತ ಇರಕೂಡದು. ನಡೆಯುತ್ತಿರುವ ರೆಜಿಮೆಂಟಿನ ಟ್ಯಾಂಕು ಅದು, ದಿನಾ ಎಣ್ಣೆ ಹಾಕಿ ಒರೆಸುವ ಜನ ಇರುತ್ತಾರೆ. ಟ್ರ್ಯಾಕಿಗೆ, ಅಂದರೆ ಚಕ್ರಗಳ ಸುತ್ತಲಿನ ಪಟ್ಟಿಗೆ, ಕಣ್ಣು ಮುಚ್ಚಿ ತುಕ್ಕಿನ ಬಣ್ಣ ಹೊಡೆಯುವ ರೂಢಿಯಿದೆ. ಸ್ಟುವರ್ಟ್‌ಗೆ ಸಾಮಾನ್ಯವಾಗಿ ರಬ್ಬರ್ ಅಚ್ಚುಗಳ ಟ್ರ್ಯಾಕು. ರಬ್ಬರಿಗೆಲ್ಲಿಯ ತುಕ್ಕು? ಅಚ್ಚುಗಳನ್ನು ಜೋಡಿಸುವ ಅಂಚಿನ ಉಕ್ಕಿನ ಕೊಂಡಿಗಳು ಮಾತ್ರ ನೆಲಕ್ಕೆ ಉಜ್ಜಿ ಹೊಳೆಯಬೇಕು. ಪೆನ್ಸಿಲ್ ಸೀಸದ ಪುಡಿಯನ್ನು ಬೆರಳ ತುದಿಯಲ್ಲಿ ಸವರಿದರೆ ಆ ಹೊಳಪು ಬರುತ್ತದೆ.

ಹಾಗಾದರೆ ಬಣ್ಣ ಕಿತ್ತಿರುವುದು ಎಲ್ಲಿ? ಇದಕ್ಕೆ ಉತ್ತರ ಇತಿಹಾಸವೇ ಕೊಡುತ್ತದೆ. ಸೇತುವೆ ದಾಟಿಸಲು ಉಕ್ಕಿನ ಹಗ್ಗ ಕಟ್ಟಿ ಎಳೆದರಲ್ಲ, ಮುಂದಿನ ಎಳೆಯುವ ಕೊಂಡಿಗಳ ಸುತ್ತ, ಹಗ್ಗ ಉಜ್ಜಿದ ಕೆಳಗಿನ ಉಕ್ಕಿನ ಹಾಳೆಯ ಮೇಲೆ ಗೀರುಗಳಿರಬೇಕು. ಗೋಪುರ ಬಿಚ್ಚಿ ಮತ್ತೆ ಕೂರಿಸಿದರಲ್ಲ, ಅದರ ಬುಡದ ಸುತ್ತ ಸರಪಳಿ, ಸಲಾಕೆ ತಾಗಿದ ಗುರುತುಗಳಿರಬೇಕು. ಚಾಲಕ ಹತ್ತಿ ಇಳಿಯುವ ಜಾಗ, ಮುಚ್ಚಳದ ಅಂಚು, ಇಷ್ಟೇ. ಈ ಗೀರುಗಳು ಯಾವ ಫೋಟೊದಿಂದ ನಕಲು ಮಾಡಿದವಲ್ಲ. ನಡೆದ ಘಟನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಇಟ್ಟವು. ಇದನ್ನು ಇತಿಹಾಸ ಅನ್ನಬೇಕೋ, ಕಲ್ಪನೆ ಅನ್ನಬೇಕೋ? ನನಗನ್ನಿಸುವುದು, ಪ್ರತಿಯೊಂದು ಕಲೆಗೂ "ಇದು ಯಾಕೆ ಇಲ್ಲಿದೆ" ಅಂತ ಕೇಳಿದರೆ ಒಂದು ಘಟನೆಯನ್ನು ತೋರಿಸಲು ಸಾಧ್ಯವಾಗಬೇಕು. ತೋರಿಸಲಾಗದ ಕಲೆ ಬರೀ ಅಲಂಕಾರ.

ಕೆಸರು ಇನ್ನೂ ಕಷ್ಟದ್ದು. ದಹಿಸರಿನ ಮಣ್ಣನ್ನೇ ಚಹಾ ಜರಡಿಯಲ್ಲಿ ಸೋಸಿ ಹಾಕಿದರೆ ಆಗದೇ ಅಂತ ನಮ್ಮ ಪಕ್ಕದ ಮನೆಯ ಮರಾಠಿ ಕಾಕಾ ಕೇಳಿದರು. ಆಗುವುದಿಲ್ಲ, ಲೆಕ್ಕ ನೋಡಿ. ಅರ್ಧ ಮಿಲಿಮೀಟರಿನ ಮರಳಿನ ಕಣ ಈ ಅಳತೆಯಲ್ಲಿ ಪೌಣೆರಡು ಸೆಂಟಿಮೀಟರಿನ ಜಲ್ಲಿಕಲ್ಲು! ಮಣ್ಣಿಗೂ ಅಳತೆ ಇದೆ, ಆದ್ದರಿಂದಲೇ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಿನ ಬಣ್ಣದ ಪುಡಿ ಬೇಕು. ಹಾಗೆಯೇ ತೂಕ. 15 ಟನ್ನನ್ನು 35ರಿಂದ ಮೂರು ಸಲ ಭಾಗಿಸಿದರೆ ಸುಮಾರು 350 ಗ್ರಾಂ. ನನ್ನ ಪ್ಲಾಸ್ಟಿಕ್ ಟ್ಯಾಂಕು ಅಷ್ಟು ಭಾರವಿಲ್ಲ, ಅದನ್ನು ಒದ್ದೆ ಪ್ಲಾಸ್ಟರ್ ಮೇಲೆ ಸುಮ್ಮನೆ ಇಟ್ಟರೆ ತೇಲಿದ ಹಾಗೆ ಕಾಣುತ್ತದೆ. ಒತ್ತಿ ಹಿಡಿದು ಚಕ್ರ ಹೂಳಬೇಕು.

ಪದರಗಳ ಕ್ರಮ ಹೀಗಿಟ್ಟೆ. ಎಲ್ಲಕ್ಕಿಂತ ಅಡಿಯಲ್ಲಿ, ಚಕ್ರಗಳ ಒಳಮೂಲೆಗಳಲ್ಲಿ ಮಾತ್ರ ಉಳಿದಿರುವ ಜಮ್ಮು ಬಯಲಿನ ತಿಳಿ ಧೂಳು. ಅದರ ಮೇಲೆ ದಾರಿಯುದ್ದದ ಬೂದು ಧೂಳು. ಎಲ್ಲಕ್ಕಿಂತ ಮೇಲೆ ಬಾಲ್ಟಾಲ್‌ನ ಒದ್ದೆ ಕಪ್ಪು ಕೆಸರು, ಮುಂದಿನ ಚಕ್ರದ ಹತ್ತಿರ ಹಸಿ, ಮೇಲೆ ಹೋದಂತೆ ಒಣಗಿದ್ದು. ಹಸಿ ಅಂತ ತೋರಿಸಲು ಹೊಳೆಯುವ ವಾರ್ನಿಷ್. ಮುಂಬಯಿ ಮಳೆಗಾಲದಲ್ಲಿ ಒಂದು ಪದರ ಒಣಗಲು ಎರಡು ದಿನ ಬೇಕು, ಆದ್ದರಿಂದ ಅಖ್ನೂರಿನಿಂದ ಬಾಲ್ಟಾಲ್ ತಲುಪಲು ನನ್ನ ಟ್ಯಾಂಕಿಗೂ ಸಾಕಷ್ಟು ದಿನ ಹಿಡಿಯಿತು.

ಬಾಲ್ಟಾಲ್ ಕೆಸರು ಅಂದೆನಲ್ಲ, ಅದು ಬಂದದ್ದು ಎಲ್ಲಿಂದ? ಜೋಜಿಲಾಕ್ಕೆ ಇದ್ದದ್ದು ಹೇಸರಗತ್ತೆಗಳು ನಡೆಯುವ ಕಾಲುದಾರಿ. ಅದನ್ನು ಗುಂಡಿನ ನಡುವೆಯೇ ಬಂಡೆ ಸಿಡಿಸಿ, ಅಗೆದು, ಗಾಡಿ ಹೋಗುವ ದಾರಿ ಮಾಡಿದವರು ಮದ್ರಾಸ್ ಸ್ಯಾಪರ್ಸ್ ದಳದ ಎರಡು ಕಂಪನಿಗಳು. ಹೆಸರು ಮದ್ರಾಸ್, ಆದರೆ 1834ರಿಂದ ಅವರ ಮನೆ ಬೆಂಗಳೂರು. ಹಲಸೂರು ಕೆರೆಯ ದಡದಲ್ಲಿ ಓಡಾಡಿದವರಿಗೆ ಆ ಕಾಂಪೌಂಡು ಗೊತ್ತಿರುತ್ತದೆ. ದಕ್ಷಿಣದ ರಾಜ್ಯಗಳ ಹುಡುಗರು ಸೇರುವ ದಳ. ಹಿಮವನ್ನೇ ಕಾಣದೆ ಬೆಳೆದ ಊರುಗಳವರು ಕೊರೆಯುವ ಚಳಿಯಲ್ಲಿ ಗುದ್ದಲಿ ಹಿಡಿದು ಕಡಿದ ದಾರಿ ಅದು. ಟ್ಯಾಂಕು ಹತ್ತಿತು, ತಿಮ್ಮಯ್ಯ ಹತ್ತಿಸಿದರು ಅಂತ ನಾವು ಹೇಳುತ್ತೇವೆ. ಆದರೆ ಟ್ಯಾಂಕಿನ ಚಕ್ರಕ್ಕೆ ಮೆತ್ತಿದ ಆ ಕೆಸರು ಹೊಸದಾಗಿ ಅಗೆದ ದಾರಿಯ ಕೆಸರು, ಸ್ಯಾಪರುಗಳ ಗುದ್ದಲಿಯಿಂದ ಎದ್ದದ್ದು. ಇದು ಹೊಳೆದ ಮೇಲೆ ನನ್ನ ಮಾದರಿಯ ಪೀಠದ ನಕ್ಷೆಯನ್ನೇ ಬದಲಿಸಿದೆ. ಟ್ಯಾಂಕು ಒಂದು ಬದಿಗೆ ಸರಿಯಿತು, ದಾರಿ ಮತ್ತು ಅದರ ಅಂಚಿನಲ್ಲಿ ಒರಗಿಸಿಟ್ಟ ಎರಡು ಗುದ್ದಲಿ, ಒಂದು ಹಾರೆ ನಡುವಿಗೆ ಬಂದವು.

ಹಿಮಕ್ಕೆ ರಂಗೋಲಿ ಪುಡಿ. ಹೌದು, ಬಾಗಿಲಿಗೆ ಹಾಕುವುದೇ! ಕಲ್ಲಿನ ಪುಡಿಯಾದ್ದರಿಂದ ವರ್ಷಗಳು ಕಳೆದರೂ ಹಳದಿಯಾಗುವುದಿಲ್ಲ, ಅಡುಗೆ ಸೋಡಾ ಆಗುತ್ತದೆ ಅನ್ನುತ್ತಾರೆ. ಕಲ್ಲಿನಲ್ಲಿ ಇನ್ನಷ್ಟು ಅರೆದು, ನೀರು ಬೆರೆಸಿದ ಗೋಂದಿನ ಮೇಲೆ ಉದುರಿಸಬೇಕು. ಅದೂ ಎಲ್ಲ ಕಡೆ ಅಲ್ಲ. ಆ ಎರಡು ಕ್ಯಾಡಿಲಾಕ್ ಇಂಜಿನ್ನುಗಳ ಮೇಲಿನ ಮುಚ್ಚಳ ಬಿಸಿಯಾಗಿರುತ್ತದೆ, ಅಲ್ಲಿ ಹಿಮ ಕೂರದು, ಕರಗಿ ನೀರಾಗಿ ಧೂಳಿನ ಮೇಲೆ ಗೆರೆ ಎಳೆದು ಇಳಿದಿರುತ್ತದೆ. ಮುಂದಿನ ಇಳಿಜಾರು ಹಾಳೆಯ ಮೂಲೆಗಳಲ್ಲಿ, ಮಡ್‌ಗಾರ್ಡಿನ ಮೇಲೆ ಕೂರುತ್ತದೆ.

ಹಿಮ ಬೇಕೇ ಬೇಕು, ಯಾಕೆಂದರೆ ದಾಳಿಯನ್ನೇ ಅದು ಮುಂದೂಡಿಸಿತ್ತು. ಅಕ್ಟೋಬರ್ ಕೊನೆಯಲ್ಲಿ ಕೆಟ್ಟ ಹವೆಯಿಂದ ಕಾಯಬೇಕಾಯಿತು. ಇನ್ನು ಸ್ವಲ್ಪ ದಿನ ಹೋಗಿದ್ದರೆ ಕಣಿವೆ ಮುಂದಿನ ಬೇಸಿಗೆಯ ತನಕ ಮುಚ್ಚಿಬಿಡುತ್ತಿತ್ತು. ನವೆಂಬರ್ 1ರ ಮಧ್ಯಾಹ್ನ, ಹಿಂದೆ ಫಿರಂಗಿಗಳು ಗರ್ಜಿಸುತ್ತಿದ್ದಂತೆ ಟ್ಯಾಂಕುಗಳು ಕಣಿವೆಯ ಬಾಯಿ ಹೊಕ್ಕವು. ತಿಮ್ಮಯ್ಯನವರು ಖುದ್ದಾಗಿ ಮುಂದಿನ ಟ್ಯಾಂಕುಗಳ ಜೊತೆಯಲ್ಲಿದ್ದರು ಅಂತ ಆ ಕಾಳಗದ ಕಥನಗಳು ಹೇಳುತ್ತವೆ. ಡಿವಿಷನ್ ಮುಖ್ಯಸ್ಥನೊಬ್ಬ ಹಾಗೆ ಮುಂದೆ ಹೋಗುವುದು ಪುಸ್ತಕದ ಪ್ರಕಾರ ಸರಿಯಲ್ಲ. 37 ಮಿಲಿಮೀಟರ್ ಫಿರಂಗಿ ಅದು, ಯೂರೋಪಿನಲ್ಲಿ ಜರ್ಮನ್ ಟ್ಯಾಂಕುಗಳ ಮುಂದೆ ಅದನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಇಲ್ಲಿ ಎದುರಿಗೆ ಟ್ಯಾಂಕೇ ಇರಲಿಲ್ಲ. ಬಂಕರಿನ ಕಿಂಡಿಗಳಿಗೆ ಹತ್ತಿರದಿಂದ ಗುಂಡಿಟ್ಟರು. ಟ್ಯಾಂಕನ್ನು ನಿರೀಕ್ಷಿಸಿಯೇ ಇರದವರು ಜಾಗ ಬಿಟ್ಟರು. ಹಿಂದೆಯೇ ಕಾಲಾಳುಗಳು ಗುಮ್ರಿ ಬಯಲು ಹೊಕ್ಕರು. ಹದಿನೈದು ದಿನದಲ್ಲಿ ದ್ರಾಸ್, ನವೆಂಬರ್ 23ಕ್ಕೆ ಕಾರ್ಗಿಲ್, ಮರುದಿನ ಲೇಹ್ ಕಡೆಯಿಂದ ಬಂದವರ ಜೊತೆ ಕೈಕುಲುಕು. ಎರಡು ತಿಂಗಳು ಕಳೆಯುವುದರೊಳಗೆ, 1949ರ ಜನವರಿ 15ರಂದು, ಕಾರ್ಯಪ್ಪನವರು ಸೈನ್ಯದ ಮೊದಲ ಭಾರತೀಯ ದಂಡನಾಯಕರಾದರು. ತಿಮ್ಮಯ್ಯನವರು 1957ರಿಂದ 1961ರ ತನಕ ಸೇನಾ ಮುಖ್ಯಸ್ಥರು. 1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆ ನಡೆಸುತ್ತಿದ್ದಾಗ ತೀರಿಕೊಂಡರು.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಕೇಳಬಹುದು ನೀವು: ನಿಜವಾದ ಟ್ಯಾಂಕನ್ನೇ ನೋಡಿ ಬರಬಾರದೇ? ಮುಂಬಯಿಯಿಂದ ಒಂದು ರಾತ್ರಿಯ ಬಸ್ಸಿನ ದಾರಿಯಲ್ಲಿ, ಅಹಮದ್‌ನಗರದಲ್ಲಿ (ಈಗ ಅಹಿಲ್ಯಾನಗರ), 1994ರಿಂದ ಟ್ಯಾಂಕುಗಳದ್ದೇ ಒಂದು ಮ್ಯೂಸಿಯಂ ಇದೆ. ಮಟಿಲ್ಡಾ, ವ್ಯಾಲೆಂಟೈನ್, ಚರ್ಚಿಲ್, ಸೆಂಚೂರಿಯನ್, 1965ರಲ್ಲಿ ವಶಪಡಿಸಿಕೊಂಡ ಪ್ಯಾಟನ್, ನಮ್ಮದೇ ವಿಜಯಂತ, ಎಲ್ಲ ಮರಗಳ ನೆರಳಿನಲ್ಲಿ ಸಾಲಾಗಿ ನಿಂತಿವೆ. ಮಡಿಕೇರಿಯಲ್ಲಿ ತಿಮ್ಮಯ್ಯನವರು ಹುಟ್ಟಿದ ಮನೆ 'ಸನ್ನಿ ಸೈಡ್' 2021ರ ಫೆಬ್ರುವರಿ 6ರಂದು ಮ್ಯೂಸಿಯಂ ಆಗಿ ತೆರೆಯಿತು. ಅಂಗಳದಲ್ಲಿ ಟಿ-55 ಟ್ಯಾಂಕು ಇಟ್ಟಿದ್ದಾರೆ, ಅದು 1971ರ ಯುದ್ಧದ ಪೀಳಿಗೆಯದು. ಎರಡೂ ಕಡೆ ಹೋಗಿ ಬನ್ನಿ, ಮಕ್ಕಳನ್ನು ಕರೆದುಕೊಂಡು ಹೋಗಿ. ಅಳತೆ, ಗಾತ್ರ, ಆ ಉಕ್ಕಿನ ದಪ್ಪ ಅಲ್ಲಿ ಮಾತ್ರ ಗೊತ್ತಾಗುವುದು. ಆದರೆ ನನ್ನ ಕೆಲಸಕ್ಕೆ ಅವು ಉಪಯೋಗವಿಲ್ಲ. ಮ್ಯೂಸಿಯಂ ಟ್ಯಾಂಕುಗಳನ್ನು ತೊಳೆದು, ದಪ್ಪ ಬಣ್ಣ ಹೊಡೆದು ಇಡುತ್ತಾರೆ. ಮಳೆಗೆ ಹಾಳಾಗಬಾರದಲ್ಲ, ಅದು ಅವರ ಕರ್ತವ್ಯ. ಬಣ್ಣದ ಜೊತೆ ಅವು ನಡೆದ ದಾರಿಯೂ ಮುಚ್ಚಿಹೋಗಿರುತ್ತದೆ.

ಮಾದರಿಯಲ್ಲಿ ಹಾಕದೆ ಬಿಟ್ಟದ್ದೂ ಇದೆ. ಪೀಠದ ಮೇಲೆ ಬಿದ್ದ ಮನುಷ್ಯರ ಆಕೃತಿಗಳನ್ನು ಇಡುವವರಿದ್ದಾರೆ, ಕೆಂಪು ಬಣ್ಣ ಬಳಸುವವರೂ ಇದ್ದಾರೆ. ಸ್ಕಾರ್ದು ವಿಷಯ ಓದಿದ ಮೇಲೆ, ಚಳಿಗಾಲದ ಉಡುಪು ಸಾಲದೆ ಬೆರಳು ಕಳೆದುಕೊಂಡವರ ವಿಷಯ ಓದಿದ ಮೇಲೆ, ಅದನ್ನೆಲ್ಲ 5 ಸೆಂಟಿಮೀಟರ್ ಪ್ಲಾಸ್ಟಿಕ್ಕಿನಲ್ಲಿ ಮಾಡಿ ಶೋಕೇಸಿನಲ್ಲಿಡಲು ನನಗೆ ಮನಸ್ಸು ಬರುವುದಿಲ್ಲ. ಗುದ್ದಲಿ, ಹಾರೆ, ಚಕ್ರದ ಗುರುತು ಇಷ್ಟು ಸಾಕು.

ಈಗ ಉಳಿದಿರುವುದು ಗೋಪುರದ ಸುತ್ತಲಿನ ಗೀರುಗಳು ಮತ್ತು ರಸ್ತೆಯ ಎಡಬದಿಯ ಬಂಡೆ. ಬಂಡೆಗೆ ನಮ್ಮ ಕೆಳಗಿನ ಮಹಡಿಯಲ್ಲಿ ಮನೆ ರಿಪೇರಿ ನಡೆದಾಗ ಬಿದ್ದ ಪ್ಲಾಸ್ಟರ್ ಚೂರು ಎತ್ತಿಟ್ಟುಕೊಂಡಿದ್ದೇನೆ, ಆಕಾರ ಸೊಗಸಾಗಿದೆ. ಸಿಡಿಸಿದ ಬಂಡೆಯ ಮುರಿದ ಮುಖ ಹಳೆಯ ಮುಖಕ್ಕಿಂತ ತಿಳಿ ಬಣ್ಣದ್ದಿರಬೇಕು, ಇನ್ನೂ ಬಿಸಿಲು ಮಳೆ ಕಂಡಿರದ ಕಲ್ಲಲ್ಲವೇ ಅದು. ಆ ತಿಳಿ ಬೂದು ಬಣ್ಣ ಕಲಸಿ ನೋಡಬೇಕು, ಭಾನುವಾರ ಟೇಬಲ್ ಸಿಕ್ಕಿದರೆ.